ಶರಾ

ಇಲೆಕ್ಷನ್ ಮುಗಿದು ಹನ್ನೊಂದನೇ ದಿನ.
ಶಿಗ್ಗಾಂವಿ ಠಾಣೆಯ ಹಿಂದಿನ ಕೋಣೆಯಲ್ಲಿ
ಅರವತ್ತೆರಡು ಬಂದೂಕು ಗೋಡೆಗೆ ಒರಗಿದ್ದವು,
ನಳಿಗೆಗೊಂದು ಚೀಟಿ, ಚೀಟಿಗೊಂದು ದಾರ,
ಹೆರಿಗೆ ಆಸ್ಪತ್ರೆಯ ಕೂಸುಗಳ ಹಾಗೆ.
ನಾನು ರೈಟರ್. ಬರೆದುಕೊಳ್ಳುವುದು, ತಿರುಗಿ ಕೊಡುವುದು.
ಯಾರದು ಸರಿ ಎಂಬುದಕ್ಕೆ
ರಜಿಸ್ಟರಿನಲ್ಲಿ ಕಾಲಮ್ಮಿಲ್ಲ.

ಮೊದಲು ಬಂದವನು ಚನ್ನವೀರಗೌಡ,
ಕೈಯಲ್ಲಿ ನಾಲ್ಕು ಮಡಿಕೆಯ ಪಾವತಿ.
ಅವನ ಬೆನ್ನಿಗೇ ಗುರುಸಿದ್ದವ್ವ, ಕೈಯಲ್ಲಿ ಅರ್ಜಿ:
'ಸದರಿ ಇಸಮಿಗೆ ಬಂದೂಕು ಮರಳಿ ಕೊಡಬಾರದಾಗಿ ವಿನಂತಿ.'
ಸಾಹೇಬರು ಹಾವೇರಿಗೆ, ಮೀಟಿಂಗಿಗೆ.
ಇದ್ದದ್ದು ಒಂದೇ ಬೆಂಚು.
ನಡುವೆ ಒಬ್ಬಾಳು ಕೂಡುವಷ್ಟು ಜಾಗ ಬಿಟ್ಟು ಕೂತರು.

ಆ ಜಾಗ ಯಾರದೆಂದು ನನಗೆ ಗೊತ್ತಿತ್ತು.
ಹೋದ ಮಾಗಿ, ರಾತ್ರಿ ಎರಡಕ್ಕೆ ತ್ರೀಫೇಸ್ ಬಂತೆಂದು
ಮೋಟಾರು ಚಾಲೂ ಮಾಡಲು ಹೊರಟಿದ್ದ ಅವಳ ಮಗ ಮುದಕಪ್ಪ.
ಗೋವಿನಜೋಳ ಅಲುಗಾಡಿತು. ಹಂದಿ ಅಂದುಕೊಂಡರು.
ಹುಬ್ಬಳ್ಳಿಯ ಡಾಕ್ಟರು ಒಂಬತ್ತು ಛರ್ರೆ ತೆಗೆದರು;
ಎರಡು ತೊಡೆಯಲ್ಲೇ ಉಳಿದಿವೆ, ಚಳಿ ಬಿದ್ದರೆ ಮಾತಾಡುತ್ತವೆ.
ಹೊಡೆದವನು ಈ ಗೌಡನಲ್ಲ. ಬಂದೂಕೂ ಬೇರೆ.
ಆದರೆ ಗುರುಸಿದ್ದವ್ವನಿಗೆ
ಎಲ್ಲ ನಳಿಗೆಗಳ ಬಾಯಿ ಒಂದೇ.

"ಹಂದಿ ನಿನ್ನ ಹೊಲಕ್ಕ ಬರೂದಿಲ್ಲೇನು?"
ಗೋಡೆಗೆ ಕೇಳಿದಂತೆ ಕೇಳಿದ ಗೌಡ.
"ಬರತಾವ. ತಿಂತಾವ. ಹೋಗತಾವ.
ತಿಂದ ಪೀಕು ಮುಂದಿನ ವರ್ಷ ಬೆಳಿತೈತಿ. ಕಾಲು ಬೆಳಿಯೂದಿಲ್ಲ."
"ನಂದು ಎರಡೆಕರೆ, ಒಂದ ರಾತ್ರ್ಯಾಗ ಗುಂಡಾಂತರ!"
"ಬಂಕಾಪುರದ ಕ್ವಾಟಿ ನವಲೂ ಶೇಂಗಾ ತಿಂತಾವ.
ಅವಕ್ಕೂ ಗುಂಡು ಹಾಕತಿ ಏನು?"
"ಅವು ಚಂದ ಅದಾವ," ಅಂದವನು
ತಾನೇ ನಾಚಿ ಮೀಸೆ ಒರೆಸಿಕೊಂಡ.
"ನಮ್ಮ ಮುತ್ತಜ್ಜ ಕಂಪನಿ ಸರಕಾರಕ್ಕ ಹತಾರ ಕೊಡಲಿಲ್ಲ,
ನೆಲದಾಗ ಹುಗದಿಟ್ಟ, ಗೊತ್ತೇನು?"
"ಶ್ಯಾಣ್ಯಾ ಇದ್ದ. ನೀನೂ ಹುಗಿ."

ಅಷ್ಟರಲ್ಲಿ ಫ್ಯಾನು ನಿಂತಿತು. ಕರೆಂಟು ಹೋಯಿತು.
"ರಾತ್ರಿ ಕೊಡತಾರ, ಹಗಲಿ ಕಸಗೋತಾರ!"
ಇಬ್ಬರೂ, ಒಂದೇ ಉಸುರಿಗೆ.

ಆಮೇಲೆ ಯಾರೂ ಮಾತಾಡಲಿಲ್ಲ.
"ಹಗಲಿ ಕರೆಂಟ್ ಇದ್ದಿದ್ರ ನಿನ್ನ ಮಗ..."
ಗೌಡ ಅರ್ಧಕ್ಕೆ ಬಿಟ್ಟ.
ಉಳಿದರ್ಧವನ್ನು ಗುರುಸಿದ್ದವ್ವ ಸೆರಗಿನ ತುದಿಯಲ್ಲಿ
ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.
ಅರ್ಜಿ ಹೊರಳಿಸಿ, ಖಾಲಿ ಬೆನ್ನನ್ನು ನನ್ನ ಮುಂದಿಟ್ಟು,
"ಬರಿಯೋ ತಮ್ಮಾ," ಅಂದಳು, "ಹೆಸ್ಕಾಂ ಸಾಹೇಬರಿಗೆ.
ಹೊಲಕ್ಕ ಹಗಲಿ ಲೈನು ಕೊಡ್ರಿ ಅಂತ."
ಅವನ ಸಹಿ, ಅವಳ ಹೆಬ್ಬೆಟ್ಟು.
ಕಳ್ಳರ ಬೆರಳಿಗೆ ಹಚ್ಚುವ ಮಸಿಯೇ.

"ಬಂದೂಕದ ಮಾತು ಮುಗದಿಲ್ಲ ಮತ್ತ," ಅಂದಳು.
ಮುಗಿಯಲಿಲ್ಲ. ಊಟದ ಹೊತ್ತು ಮೀರಿತು.
ಒಮ್ಮೆ ಅವನು ಎದ್ದು ಹೋದ, ಒಮ್ಮೆ ಅವಳು ಅತ್ತಳು,
ಒಮ್ಮೆ ನಾನೇ ಮೇಜು ಗುದ್ದಿದೆ.
ಕಡೆಗೆ ಇಷ್ಟು: ಬಂದೂಕು ಅವನ ಮನೆಯಲ್ಲಿ.
ಕಾಡತೂಸಿನ ಡಬ್ಬಿಯೂ ಅಲ್ಲೇ, ಆದರೆ ಅದಕ್ಕೆ ಎರಡು ಕೀಲಿ,
ಒಂದರ ಕೀಲಿಕೈ ಅವಳ ಕೊರಳಲ್ಲಿ.
ಡಬ್ಬಿ ತೆಗೆಯಬೇಕಾದರೆ ಅವಳ ಕದ ಬಡಿಯಬೇಕು.
ಬಡಿದರೆ ಅವಳು ಎದ್ದು ಬರಬೇಕು.
ಟಾರ್ಚು ಬಿಟ್ಟು, ಹೆಸರು ಹಿಡಿದು ಮೂರು ಸಲ ಕೂಗಿ,
ಆಮೇಲೆ.
"ಕೂಗೂದ್ರಾಗ ಹಂದಿ ಓಡಿ ಹೋಗತಾವಲ್ಲ?"
"ಓಡಿ ಹೋದ್ರ ಹೋದ್ವು. ಅದಕ್ಕ ಅಲ್ಲೇನು ಬಂದೂಕ?"

ರಜಿಸ್ಟರಿನ ಕೊನೆಯಲ್ಲಿ, ಎರಡು ಬೆರಳಗಲದ ಕಾಲಮ್ಮು: ಶರಾ.
ಇಪ್ಪತ್ತೊಂಬತ್ತು ವರ್ಷ ಅಲ್ಲಿ 'ಇಲ್ಲ' ಅಂತ ಬರೆದವನು ನಾನು.
ಅಂದು ಬರೆದೆ: 'ಕೀಲಿ ಎರಡು. ಉಭಯತರಿಗೂ ಸಮಾಧಾನ.'
ಓದಿ ನೋಡಿ, 'ಸಮಾಧಾನ' ಹೊಡೆದು ಹಾಕಿದೆ.
ಮೇಲೆ ಸಣ್ಣಕ್ಷರದಲ್ಲಿ: 'ಪೂರಾ ಇಲ್ಲ.'

ಕಿಟಕಿಯಿಂದ ಕಂಡಿತು ಬಂಕಾಪುರದ ಬಸ್ಸು.
ಮೂವರ ಸೀಟಿನ ಒಂದು ತುದಿಗೆ ಅವಳು, ಇನ್ನೊಂದಕ್ಕೆ ಅವನು,
ನಡುವೆ ಗೋಣಿಚೀಲ ಸುತ್ತಿದ ಬಂದೂಕು, ನಳಿಗೆ ಕೆಳಗೆ.
ಬಸ್ಸು ಗುಂಡಿಗೆ ಹಾರಿದಾಗ
ಇಬ್ಬರೂ ಕೈ ಚಾಚಿ ಅದನ್ನು ಹಿಡಿದರು.